‘ಕರ್ತೃ ಅಜ್ಞಾತ’ ಎಂದು ನಾನು ಬರೆದ ಹಾಡು

ಕಳೆದ ತಿಂಗಳು ಇಬ್ಬರು ಹುಡುಗಿಯರು ನಮ್ಮ ಮನೆ ಹುಡುಕಿಕೊಂಡು ಬಂದರು. ಇಬ್ಬರಿಗೂ ಕಾಲೇಜು ಗ್ರಂಥಾಲಯದಲ್ಲಿ ಹೊಸದಾಗಿ ಕೆಲಸ ಸಿಕ್ಕಿದೆ. ಒಬ್ಬಳಿಗೆ ಮುಧೋಳದಲ್ಲಿ, ಇನ್ನೊಬ್ಬಳಿಗೆ ಬೀಳಗಿಯಲ್ಲಿ. “ಸರ್, ನಿಮ್ಮ ಅನುಭವ ಬರದ ಕೊಡ್ರಿ, ನಮಗೊಂದು ದಾರಿ ಆಕ್ಕೈತಿ” ಎಂದರು. ನನ್ನ ಅನುಭವದಿಂದ ದಾರಿ ಕಾಣುವುದು ಅಷ್ಟಕ್ಕಷ್ಟೇ; ದಾರಿಯಲ್ಲಿ ತಗ್ಗು ಎಲ್ಲಿದೆ ಎಂಬುದು ಮಾತ್ರ ಗೊತ್ತಾದೀತು. ಎಷ್ಟಿದ್ದ ಪುಸ್ತಕ ಎಷ್ಟಾದವು, ಯಾವ ವರ್ಷ ಯಾರು ಶಾಲು ಹೊದಿಸಿದರು ಎಂಬುದನ್ನೆಲ್ಲ ಬೀಳ್ಕೊಡುಗೆಯ ದಿನ ಮೈಕಿನಲ್ಲಿ ಹೇಳಿ ಮುಗಿಸಿದ್ದಾರೆ. ಅಂದು ಯಾರೂ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತೇನೆ.

ನಾನು ಜಮಖಂಡಿಯ ಒಂದು ಕಾಲೇಜಿನಲ್ಲಿ ಮೂವತ್ತು ವರ್ಷಕ್ಕೂ ಮೇಲೆ ಗ್ರಂಥಪಾಲಕನಾಗಿದ್ದೆ. ಕಾಲೇಜಿನ ಹೆಸರು ಬೇಡ. ನಾನು ಸೇರಿದಾಗ ಕಂಪ್ಯೂಟರ್ ಇರಲಿಲ್ಲ, ಉದ್ದನೆಯ ಡಬ್ಬಿಗಳಲ್ಲಿ ಗಟ್ಟಿ ಕಾಗದದ ಕಾರ್ಡುಗಳಿದ್ದವು. ಪುಸ್ತಕ ಬಂದ ಕೂಡಲೇ ಕಾರ್ಡಿನ ಮೇಲೆ ಮೊದಲು ಬರೆಯಬೇಕಾದದ್ದು ಕರ್ತೃವಿನ ಹೆಸರು. ಪುಸ್ತಕದ ಹೆಸರು ಆಮೇಲೆ. ಇದನ್ನು ನನಗೆ ಕಲಿಸಿದ ಹಿರಿಯರು ಒಬ್ಬ ಲೇಖಕರ ಇನಿಶಿಯಲ್ ತಪ್ಪಿದರೂ ಕಾರ್ಡು ಹರಿದು ಮುಖಕ್ಕೆ ಹಿಡಿಯುತ್ತಿದ್ದರು. “ಒಬ್ಬಾತ ವರ್ಷಗಟ್ಟಲೆ ಕುಂತು ಬರದಾನ. ನಿನಗ ಅವನ ಹೆಸರು ನೆಟ್ಟಗ ಬರಿಯಾಕ ಬರೂದಿಲ್ಲೇನು?” ಎನ್ನುತ್ತಿದ್ದರು. ಹೀಗೆ ಕಲಿತವನು ನಾನು. ಮುಂದೆ ಹೇಳುವುದನ್ನು ಓದುವಾಗ ಇದು ನೆನಪಿರಲಿ.

ಹಕ್ಕುಸ್ವಾಮ್ಯ ಎಂಬ ಶಬ್ದವನ್ನು ನಾವು ಪುಸ್ತಕದ ಎರಡನೆಯ ಪುಟದಲ್ಲಿ ಓದಿ ದಾಟುತ್ತಿದ್ದೆವು. ಕಾಲೇಜಿನ ಎದುರಿಗೇ ಝೆರಾಕ್ಸ್ ಅಂಗಡಿ. ದುಬಾರಿ ಪುಸ್ತಕವನ್ನು ನಾನೇ ಹುಡುಗರ ಕೈಗೆ ಕೊಟ್ಟು, “ಸಂಜೀಗೆ ತಂದು ಕೊಡ್ರಿ” ಎಂದು ಕಳಿಸುತ್ತಿದ್ದೆ. ರಟ್ಟಿನಿಂದ ರಟ್ಟಿನವರೆಗೆ ಪ್ರತಿ ಆಗಿ ಬರುತ್ತಿತ್ತು. ಬಡ ಮಕ್ಕಳು ಓದಿಕೊಳ್ಳಲಿ ಎಂಬುದು ನಮ್ಮ ನ್ಯಾಯ. ಆ ನ್ಯಾಯದಲ್ಲಿ ಸುಳ್ಳಿಲ್ಲ. ಆದರೆ ಆ ಪ್ರತಿ ಕಪಾಟಿನಲ್ಲಿ ಕೊಳೆಯುತ್ತಿತ್ತು, ಊರು ದಾಟುತ್ತಿರಲಿಲ್ಲ. ಅಂತರಜಾಲಕ್ಕೆ ಬಿಟ್ಟದ್ದು ಹಾಗಲ್ಲ ಎಂಬುದು ನಮಗೆ ತಡವಾಗಿ ತಿಳಿಯಿತು.

ನನ್ನ ಕೊನೆಯ ಕೆಲವು ವರ್ಷಗಳಲ್ಲಿ ಕಾಲೇಜಿಗೊಂದು ವೀಡಿಯೊ ಚಾನೆಲ್ ಮಾಡಿದರು. ವಿದ್ಯಾರ್ಥಿಗಳು ತಮ್ಮ ಪ್ರಾಜೆಕ್ಟನ್ನು ವೀಡಿಯೊ ಮಾಡಿ ಕೊಡಬೇಕು, ಅದನ್ನು ಚಾನೆಲ್ಲಿಗೆ ಏರಿಸಬೇಕು, ತಪಾಸಣೆಗೆ ಬಂದ ಸಮಿತಿಗೆ ತೋರಿಸಬೇಕು. ಏರಿಸುವ ಕೆಲಸ ಯಾರಿಗೆ ಎಂಬ ಪ್ರಶ್ನೆ ಬಂದಾಗ ಪ್ರಾಚಾರ್ಯರು ಸಭೆಯಲ್ಲೇ ಹೇಳಿದರು: “ಲೈಬ್ರರಿಯವ್ರು ಖಾಲಿ ಕುಂತಿರ್ತಾರಲ್ಲ, ಅವ್ರ ಮಾಡ್ತಾರ.” ಎಲ್ಲರೂ ನಕ್ಕರು. ನಾನೂ ನಕ್ಕೆ. ಹಲ್ಲು ತೋರಿಸಿದ್ದಷ್ಟೇ, ಹೊಟ್ಟೆಯೊಳಗೆ ಸಿಟ್ಟೇ ಇತ್ತು.

ಮೊದಲ ವರ್ಷವೇ ಮುಗ್ಗರಿಸಿದೆವು. ಒಬ್ಬ ಹುಡುಗ ಮುಧೋಳ ನಾಯಿಯ ಮೇಲೆ ಪ್ರಾಜೆಕ್ಟ್ ಮಾಡಿದ್ದ. ಆ ತಳಿಯ ಕೇಂದ್ರವಿರುವ ತಿಮ್ಮಾಪುರಕ್ಕೆ ಒಂದು ಬಸ್ಸು ಹತ್ತಿದ್ದರೆ ನಾಯಿ ಕಣ್ಣೆದುರಿಗೇ ಸಿಗುತ್ತಿತ್ತು. ಆತ ಮನೆಯಲ್ಲಿ ಕುಳಿತು ಅಂತರಜಾಲದಿಂದ ಫೋಟೊ ಇಳಿಸಿದ್ದ. ಮೂಲೆಯಲ್ಲಿದ್ದ ಛಾಯಾಗ್ರಾಹಕರ ಹೆಸರು ಕಾಣದ ಹಾಗೆ ಅಂಚು ಕತ್ತರಿಸಿದ್ದ. ಫೋಟೊ ತೆಗೆದವರಿಂದ ನೇರ ಕಾಲೇಜಿಗೆ ಪತ್ರ ಬಂತು. ಪ್ರಾಚಾರ್ಯರು ನನ್ನನ್ನು ಕರೆಸಿ ಕೇಳಿದ ಮಾತು ನನಗೆ ಇವತ್ತಿಗೂ ನಗು ತರಿಸುತ್ತದೆ: “ಅಲ್ರೀ, ನಾಯಿ ನಮ್ಮ ಮುಧೋಳದ್ದು. ಫೋಟೊ ಅವರದು ಹೆಂಗ ಆಕ್ಕೈತಿ?”

ವೀಡಿಯೊ ತೆಗೆದೆವು, ಕ್ಷಮೆ ಕೇಳಿದೆವು. ಅಲ್ಲಿಗೆ ಬಿಟ್ಟಿದ್ದರೆ ಚೆನ್ನಾಗಿತ್ತು. ಪ್ರಾಚಾರ್ಯರು ಇನ್ನು ಮುಂದೆ ಇಂಥ ಪತ್ರ ಬರಕೂಡದು ಎಂದು ತಾಕೀತು ಮಾಡಿದರು. ನಾನು ಒಂದು ನಮೂನೆ ತಯಾರಿಸಿದೆ. ಪ್ರತಿ ವಿದ್ಯಾರ್ಥಿಯೂ ಅದನ್ನು ತುಂಬಿ ಕೊಟ್ಟರೆ ಮಾತ್ರ ವೀಡಿಯೊ ಏರಿಸುವುದು. ಫೋಟೊ ಸ್ವಂತದ್ದೇ ಆಗಿರಬೇಕು. ಹಾಡು, ಸಂಗೀತ ಎಂಬಲ್ಲಿ ಎರಡೇ ಚೌಕ: ‘ಸ್ವಂತ’ ಮತ್ತು ‘ಜಾನಪದ’. ಜಾನಪದಕ್ಕೆ ಒಡೆಯರಿಲ್ಲ, ಪತ್ರ ಬರೆಯುವವರಿಲ್ಲ ಎಂದು ನನ್ನ ಲೆಕ್ಕ. ಈ ನಮೂನೆಯನ್ನು ಪಕ್ಕದ ಕಾಲೇಜಿನವರೂ ಕೇಳಿ ಒಯ್ದರು. ನಾನು ಹಿಗ್ಗಿದೆ.

ಎರಡು ವರ್ಷ ಕಳೆದ ಮೇಲೆ ರೇಣುಕಾ ಎಂಬ ಹುಡುಗಿ ಬಂದಳು. ಬಿ.ಎ. ಕೊನೆಯ ವರ್ಷ. ಬೀಳಗಿ ತಾಲ್ಲೂಕಿನವಳು, ಕುರಿ ಕಾಯುವ ಮನೆತನ. ಮಾತು ಕಡಿಮೆ. ತನ್ನ ಊರಿನ ಕುರಿ ಹಿಂಡುಗಳ ಮೇಲೆ ವೀಡಿಯೊ ಮಾಡಿದ್ದಳು. ಕುರಿ ತೊಳೆಯುವುದು, ಉಣ್ಣೆ ಕತ್ತರಿಸುವುದು, ಅವಳ ಅಜ್ಜಿ ನೂಲು ತೆಗೆಯುವುದು. ನಾನು ಅಷ್ಟು ವರ್ಷದಲ್ಲಿ ನೋಡಿದ ವೀಡಿಯೊಗಳಲ್ಲಿ ಅದರಷ್ಟು ಛಲೋದು ಇನ್ನೊಂದಿಲ್ಲ. ಹಿಂದಿನಿಂದ ಒಂದು ಡೊಳ್ಳಿನ ಹಾಡು ಬರುತ್ತಿತ್ತು. ಆಣೆಕಟ್ಟಿನ ಹಿನ್ನೀರು ಏರಿ ಬಂದು ಹುಲ್ಲುಗಾವಲು ಮುಳುಗಿದಾಗ ಹಿಂಡನ್ನು ಯಾವ ದಿಕ್ಕಿಗೆ ಹೊಡೆಯಲಿ ಎಂದು ಒಬ್ಬ ಕುರುಬ ತನ್ನ ದೈವ ಬೀರಪ್ಪನನ್ನು ಕೇಳುವ ಹಾಡು. ಅವಳ ಅಪ್ಪ ಯಾವುದೋ ಊರಿನಲ್ಲಿ ಹಾಡು ಕೇಳುತ್ತ ಮೊಬೈಲಿನಲ್ಲಿ ಹಿಡಿದುಕೊಂಡು ಬಂದದ್ದು.

ವೀಡಿಯೊ ಐದು ನಿಮಿಷ ಮೀರಬಾರದು ಎಂಬುದೂ ನನ್ನದೇ ನಿಯಮ. ಅವಳದು ಆರೂವರೆ ಇತ್ತು. “ಚಿತ್ರ ಮುಗದ ಮ್ಯಾಲೂ ಹಾಡು ನಡದೈತಲ್ಲವ್ವಾ, ಕೊನೀಗೆ ಕತ್ತರಿಸು” ಎಂದೆ. ಅವಳು ಹೇಳಿದಳು:

“ಸರ್, ಕೊನೀ ನುಡಿ ತಗದ್ರ ಹಾಡು ಕಟ್ಟಿದವ್ರ ಹೆಸರು ಹೋಗ್ತೈತ್ರಿ.”

ಡೊಳ್ಳಿನ ಹಾಡಿನ ಪದ್ಧತಿ ತಿಳಿಯದವರಿಗೆ ಹೇಳುತ್ತೇನೆ. ಹಾಡಿನ ಒಂದೊಂದು ಚರಣಕ್ಕೂ ನುಡಿ ಎನ್ನುತ್ತಾರೆ. ಕೊನೆಯ ನುಡಿಯಲ್ಲಿ ಕವಿ ತನ್ನ ಊರು, ದೈವ, ಗುರು ಮತ್ತು ತನ್ನ ಹೆಸರು ಸೇರಿಸಿ ಹಾಡು ಮುಗಿಸುತ್ತಾನೆ. ಬೇರೆ ಮೇಳದವರು ಆ ಹಾಡನ್ನು ಹಾಡಿದರೂ ಆ ನುಡಿಯನ್ನು ಬಿಡುವಂತಿಲ್ಲ. ಬಿಟ್ಟವನು ಕಳ್ಳ. ಅಲ್ಲಿ ತನ್ನ ಹೆಸರು ತುರುಕಿದವನಂತೂ ಮೇಳದೆದುರು ತಲೆ ಎತ್ತುವಂತಿಲ್ಲ. ಅಚ್ಚಾದ ಪುಸ್ತಕವೇ ಇಲ್ಲದ ಮಂದಿ ಹಾಡಿನ ಒಡೆತನವನ್ನು ಹಾಡಿನೊಳಗೇ ಕಟ್ಟಿಕೊಂಡಿದ್ದರು. ನನ್ನ ಕಾರ್ಡಿನ ಡಬ್ಬಿಗಿಂತ ಅದು ಗಟ್ಟಿ ಏರ್ಪಾಡು.

ಇಷ್ಟೂ ನನಗೆ ಈಗ ಗೊತ್ತು. ಅವತ್ತು ಗಡಿಯಾರ ನೋಡುತ್ತ, “ಹೆಸರು ಯಾರು ಕೇಳ್ತಾರವ್ವಾ, ಜಾನಪದ ಅಂತ ಟಿಕ್ ಮಾಡು” ಎಂದೆ. ಅವಳು ಟಿಕ್ ಮಾಡಿದಳು. ಕತ್ತರಿಸುವುದು ಅವಳಿಂದ ಆಗಲಿಲ್ಲವೋ, ಮನಸ್ಸು ಬರಲಿಲ್ಲವೋ, ಗ್ರಂಥಾಲಯದ ಪೆನ್‌ಡ್ರೈವ್ ನನ್ನ ಮೇಜಿನ ಮೇಲಿಟ್ಟು ಹೋದಳು. ನಾನೇ ಕೂತು ಕತ್ತರಿಸಿದೆ. ಕೆಳಗೆ ವಿವರದಲ್ಲಿ ಬರೆದೆ: ‘ಪ್ರಾಚೀನ ಜಾನಪದ ಗೀತೆ. ಕರ್ತೃ ಅಜ್ಞಾತ.’ ಹಿನ್ನೀರು ಬಂದದ್ದು ನನ್ನ ಕಣ್ಣೆದುರಿಗೆ. ಹಿನ್ನೀರಿನ ಮೇಲೆ ಕಟ್ಟಿದ ಹಾಡು ಪ್ರಾಚೀನ ಹೇಗಾದೀತು, ಕಟ್ಟಿದವನು ಇಲ್ಲೇ ಎಲ್ಲೋ ಉಸಿರಾಡುತ್ತಿರಬೇಕಲ್ಲ ಎಂದು ಒಂದು ಕ್ಷಣ ಹೊಳೆದಿದ್ದರೆ ಸಾಕಿತ್ತು. ಹೊಳೆಯಲಿಲ್ಲ. ಪೆನ್‌ಡ್ರೈವ್ ಅಳಿಸಿ ಮುಂದಿನ ಹುಡುಗನಿಗೆ ಕೊಟ್ಟೆ.

ಯಾಕೆ ಹಾಗೆ ಮಾಡಿದೆ ಎಂದು ನಾನೇ ನನ್ನನ್ನು ಬಹಳ ಸಲ ಕೇಳಿಕೊಂಡಿದ್ದೇನೆ. ನನ್ನ ಅಪ್ಪ ಬನಹಟ್ಟಿಯಲ್ಲಿ ಮಗ್ಗದ ಗುಂಡಿಯಲ್ಲಿ ಕಾಲಿಟ್ಟು ಆಯುಷ್ಯ ಕಳೆದವರು. ಅವರು ನೇಯ್ದ ಸೀರೆಯ ಮೇಲೆ ಅಂಗಡಿಯ ಚೀಟಿ ಇರುತ್ತಿತ್ತು, ಅಪ್ಪನ ಹೆಸರು ಯಾವತ್ತೂ ಇರಲಿಲ್ಲ. ಅದನ್ನು ನೋಡುತ್ತ ಬೆಳೆದವನಿಗೆ ಅಚ್ಚಾದ ಪುಸ್ತಕಕ್ಕಷ್ಟೇ ಕರ್ತೃ, ಕೈಯಿಂದ ಬಾಯಿಂದ ಬಂದದ್ದಕ್ಕೆ ಯಾರೂ ಇಲ್ಲ ಎಂಬುದು ತಲೆಯಲ್ಲಿ ಕೂತಿತ್ತೋ ಏನೋ. ಇದು ಕಾರಣ ಇರಬಹುದು, ನೆಪವೂ ಇರಬಹುದು.

ವೀಡಿಯೊ ಓಡಿತು. ನಮ್ಮ ಚಾನೆಲ್ಲಿನಲ್ಲಿ ಅದೊಂದನ್ನೇ ಜನ ನೋಡಿದರು. ಪ್ರಾಚಾರ್ಯರು ಸಭೆಯಲ್ಲಿ ನನ್ನ ಬೆನ್ನು ತಟ್ಟಿದರು. ವರ್ಷ ತುಂಬುವುದರೊಳಗೆ ಹೊರಗಿನ ಒಂದು ಆಡಿಯೊ ಕಂಪನಿಯವರು ಅದೇ ಹಾಡನ್ನು, ನಾವು ನಿಲ್ಲಿಸಿದಲ್ಲಿಗೇ ನಿಲ್ಲಿಸಿ, ಕೀಬೋರ್ಡು ಸೇರಿಸಿ, ತಮ್ಮ ಗಾಯಕನಿಂದ ಹಾಡಿಸಿ ಬಿಟ್ಟರು. ಕರ್ತೃ ಅಜ್ಞಾತ ಎಂದು ಕಾಲೇಜೇ ಬರೆದು ಕೊಟ್ಟಿದ್ದಾಗ ಅವರು ಯಾರನ್ನು ಕೇಳಬೇಕು? ಮದುವೆಗಳಲ್ಲಿ, ಟ್ರ್ಯಾಕ್ಟರುಗಳಲ್ಲಿ, ಕಬ್ಬು ಕಡಿಯುವಲ್ಲಿ ಅದೇ ಹಾಡು. ಕೊನೆಗೊಂದು ದಿನ ನಮ್ಮ ಚಾನೆಲ್ಲಿಗೇ ಸೂಚನೆ ಬಂತು: ನಿಮ್ಮ ವೀಡಿಯೊದಲ್ಲಿರುವ ಹಾಡಿನ ಹಕ್ಕು ಇಂಥ ಕಂಪನಿಯದು.

ಆ ಸೂಚನೆ ಬಂದ ವಾರದಲ್ಲೇ ಒಬ್ಬ ಮುದುಕರು ಗ್ರಂಥಾಲಯದ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಹೆಗಲ ಮೇಲೆ ಕರಿ ಕಂಬಳಿ. ಮಾಳಪ್ಪ ಎಂದು ಕರೆಯೋಣ. ಗಲಗಲಿಯ ಆಚೆ ಹೊಳೆಯ ದಂಡೆಯ ಒಂದು ಹಳ್ಳಿಯವರು.

“ಶರಣ್ರಿ ಸಾಹೇಬ್ರ. ಹಿನ್ನೀರಿನ ಹಾಡು ಮೊಬೈಲ್‌ನ್ಯಾಗ ಬಿಟ್ಟವ್ರು ನೀವ ಏನ್ರಿ?”

ಹೌದೆಂದೆ. ಕುರ್ಚಿ ಕೊಟ್ಟೆ. ಅವರು ಕೂರಲಿಲ್ಲ.

“ಅದು ನಾ ಕಟ್ಟಿದ್ದ್ರಿ. ಕೊನೀ ನುಡಿ ಎಲ್ಲಿ ಹೋತ್ರಿ?”

ಅವರು ಬೈಯಲಿಲ್ಲ, ಧ್ವನಿ ಏರಿಸಲಿಲ್ಲ. ನಡೆದದ್ದನ್ನು ನಿಂತುಕೊಂಡೇ ಹೇಳಿದರು. ಒಂದು ಊರಿನಲ್ಲಿ ಎರಡು ಮೇಳಗಳ ಪೈಪೋಟಿ ಇತ್ತಂತೆ. ಇವರು ತಮ್ಮ ಹಾಡು ಹಾಡಿ, ಕೊನೆಗೆ ತಮ್ಮ ಹೆಸರಿನ ನುಡಿ ಹಾಡಿದ್ದಾರೆ.

“ಎದುರು ಮೇಳದಾವ ಎದ್ದು ನಿಂತು ಅಂದನ್ರಿ, ‘ಮುತ್ಯಾ, ಕಂಪನಿ ಹಾಡಿಗೆ ನಿನ್ನ ಹೆಸರು ಹಚ್ಚಿ ಹಾಡ್ತಿ? ವಯಸ್ಸಿಗರ ಮರ್ಯಾದಿ ಇರ್ಲಿ’ ಅಂತ. ಮೊಬೈಲ್ ತಗದು ಮಂದಿಗೆ ಕೇಳಿಸಿದ. ಅದರಾಗ ನನ್ನ ನುಡಿ ಇಲ್ರಿ. ನಿಮ್ಮ ಕಾಲೇಜಿಂದೂ ತೋರ್ಸಿದ. ಕಲ್ತವ್ರು ಬರದಾರ, ಯಾರದಂತ ಗೊತ್ತಿಲ್ಲ ಅಂತ. ಮಂದಿ ನಕ್ರು. ಡೊಳ್ಳು ಕೆಳಗಿಟ್ಟು ಬಂದ್ನಿರಿ.”

ಅವರು ಕೇಳಿದ್ದು ದೊಡ್ಡದಲ್ಲ. ಈ ಹಾಡು ಮಾಳಪ್ಪನದು, ಕೊನೆಯ ನುಡಿ ಕಾಲೇಜಿನವರ ತಪ್ಪಿನಿಂದ ಹೋಗಿದೆ ಎಂದು ಕಾಲೇಜಿನ ಶಿಕ್ಕಾ, ಅಂದರೆ ಮೊಹರು, ಒತ್ತಿ ಒಂದು ಕಾಗದ ಕೊಡಬೇಕು. ಮುಂದಿನ ಸಲ ಮೇಳ ಕೂಡಿದಾಗ ಹಿರಿಯರೆದುರು ಅದನ್ನು ಓದಿಸುತ್ತಾರೆ. “ರೊಕ್ಕ ಬ್ಯಾಡ್ರಿ ನನಗ. ಕಳ್ಳ ಅನ್ನೂದೊಂದು ಹೋಗ್ಲಿ” ಎಂದರು.

ಅವರನ್ನು ಕೂರಿಸಿ ಪ್ರಾಚಾರ್ಯರ ಕೋಣೆಗೆ ಹೋದೆ. ಅವರು ಕೆಟ್ಟ ಮನುಷ್ಯರಲ್ಲ, ಆದರೆ ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂಬ ಜಾತಿ. ಕಂಪನಿಯ ಸೂಚನೆಯನ್ನೂ ಮಾಳಪ್ಪನವರ ಮಾತನ್ನೂ ಕೇಳಿ, “ಪುರಾವೆ ಏನೈತ್ರಿ?” ಎಂದರು. ಪೂರ್ತಿ ಹಾಡು ಇದ್ದ ಪೆನ್‌ಡ್ರೈವ್ ಅಳಿಸಿದವನು ನಾನೇ ಎಂದೆ. ಅಲ್ಲಿಂದಲೇ ರೇಣುಕಾಳಿಗೆ ಫೋನು ಹಚ್ಚಿದೆ. ಅವಳು ಆಗ ಮದುವೆಯಾಗಿ ಮುಧೋಳದ ಕಡೆಗೆ ಹೋಗಿದ್ದಳು. ಅಪ್ಪನ ಮೊಬೈಲು ಕೆಟ್ಟು ಅದರೊಳಗಿನದೆಲ್ಲ ಹೋಗಿತ್ತಂತೆ. ಹೆಸರು ಕೇಳಿದ ಕೂಡಲೇ ಗುರುತು ಹಿಡಿದು, “ಹೌದ್ರಿ, ಅವ್ರದ ಹಾಡು” ಎಂದಳು. ಆಮೇಲೆ, “ನಾ ಅವತ್ತ ಹೇಳಿದ್ನೆಲ್ರಿ ಸರ್” ಎಂದಳು. ಪ್ರಾಚಾರ್ಯರಿಗೆ ಕೇಳಿಸಿತು. ಅವರು ಕಿಟಕಿಯ ಕಡೆ ಮುಖ ಮಾಡಿದರು.

“ನಾವು ಬರದ ಕೊಟ್ರ ತಪ್ಪು ಒಪ್ಪಿದಂಗ ಆಕ್ಕೈತ್ರಿ. ಕಂಪನಿಯವ್ರ ಕೂಡ ಜಗಳ ತಗದ್ರ ಚಾನೆಲ್ ಬಂದ್ ಆಕ್ಕೈತಿ. ಮುಂದಿನ ತಿಂಗಳ ತಪಾಸಣಿ ಐತಿ. ವೀಡಿಯೊ ತಗದ್ಹಾಕ್ರಿ, ಆತು.”

ಆತು ಎಂಬ ಆ ಎರಡಕ್ಷರದಲ್ಲಿ ಎಲ್ಲ ಮುಗಿಯಿತು. ಮಾಳಪ್ಪನವರು ಗ್ರಂಥಾಲಯದಲ್ಲಿ ಕಾಯುತ್ತಿರುವಾಗಲೇ ನಾನು ವೀಡಿಯೊ ತೆಗೆದು ಹಾಕಿದೆ. ಹಾಡು ಕಂಪನಿಯದಲ್ಲ, ಅವರಿಗಿಂತ ಮೊದಲೇ ಹಳ್ಳಿಗಳಲ್ಲಿ ಇತ್ತು ಎಂದು ತೋರಿಸಲು ಲೋಕದಲ್ಲಿ ಇದ್ದ ಒಂದೇ ಸಾಕ್ಷಿ ಆ ಅರ್ಧ ಹಾಡು ಎಂಬುದು ಅದನ್ನು ತೆಗೆದ ಮೇಲೆ ತಲೆಗೆ ಹೋಯಿತು. ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ನನ್ನ ಬುದ್ಧಿ ಆ ಬಗೆಯದು.

ಹೊಸದಾಗಿ ಕೆಲಸಕ್ಕೆ ಬಂದವರು ಇಷ್ಟು ಗಂಟು ಹಾಕಿಕೊಳ್ಳಿ. ಮಕ್ಕಳ ಕೆಲಸವನ್ನು ಅಂತರಜಾಲಕ್ಕೆ ಬಿಡುವ ಮೊದಲು ಅದರೊಳಗಿನ ಫೋಟೊ ಯಾರದು, ಹಾಡು ಯಾರದು, ಅವರನ್ನು ಕೇಳಿದ್ದೀರಾ ಎಂದು ಪ್ರತಿಯೊಂದಕ್ಕೂ ಕೇಳಿ. ಕಟ್ಟಿದವರು ಹಳ್ಳಿಯಲ್ಲಿದ್ದರೆ ಹಳ್ಳಿಗೇ ಕಳಿಸಿ, ಒಪ್ಪಿಗೆ ಪಡೆಯಿರಿ, ಅಕ್ಷರ ಬಾರದವರಾದರೆ ಅವರು ಹೌದೆಂದದ್ದನ್ನು ಅವರದೇ ಧ್ವನಿಯಲ್ಲಿ ಹಿಡಿದಿಡಿ. ಮೂಲ ಪ್ರತಿಯನ್ನು ಅಳಿಸಬೇಡಿ. ಪುಸ್ತಕ ಇಲ್ಲದವನಿಗೂ ಹಕ್ಕಿದೆ. ಅಜ್ಞಾತ ಎಂದು ಬರೆಯುವಾಗ ಅದು ಯಾರಿಗೆ ಅಜ್ಞಾತ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಇದೆಲ್ಲ ಈಗ ಯಾವ ತರಬೇತಿಯಲ್ಲಾದರೂ ಹೇಳುತ್ತಾರೆ. ನಾನು ಬರೆಯುತ್ತಿರುವುದು ಆಮೇಲೆ ನಡೆದದ್ದಕ್ಕಾಗಿ.

ಕಾಲೇಜಿನ ಕಾಗದ ಸಿಗುವುದಿಲ್ಲ ಎಂದು ಮಾಳಪ್ಪನವರಿಗೆ ಹೇಳಿ, ನನ್ನ ಸ್ವಂತ ಕಾಗದ ಬರೆದುಕೊಟ್ಟೆ. ತಪ್ಪು ನನ್ನದು, ಹಾಡು ಇವರದು ಎಂದು ಸ್ಪಷ್ಟವಾಗಿ ಬರೆದು ಸಹಿ ಮಾಡಿದೆ. ಗ್ರಂಥಾಲಯದ ದುಂಡು ಶಿಕ್ಕಾ ನನ್ನ ಡ್ರಾಯರಿನಲ್ಲೇ ಇತ್ತು. ತೆಗೆದು ಒತ್ತಿದರೆ ಅರ್ಧ ನಿಮಿಷದ ಕೆಲಸ. ನಿವೃತ್ತಿಗೆ ಏಳು ತಿಂಗಳು ಉಳಿದಿತ್ತು. ಅಪ್ಪಣೆ ಇಲ್ಲದೆ ಶಿಕ್ಕಾ ಒತ್ತಿದ ಎಂದು ಯಾರಾದರೂ ಬರೆದರೆ ಪಿಂಚಣಿ ಕಾಗದ ನಿಲ್ಲುತ್ತದೆ ಎಂಬ ಹೆದರಿಕೆ. ಡ್ರಾಯರ್ ತೆರೆಯಲಿಲ್ಲ. ಅವರು ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅಂಗಿಯ ಒಳಗೆ ಇಟ್ಟುಕೊಂಡು, ನನಗೆ ಕೈ ಮುಗಿದು ಹೋದರು. ಆ ಕೈ ಮುಗಿದದ್ದು ಇನ್ನೂ ನನ್ನನ್ನು ಸುಡುತ್ತದೆ.

ನಿವೃತ್ತಿಯಾದ ಎರಡನೆಯ ವಾರ ಗಲಗಲಿಯ ಬಸ್ಸು ಹತ್ತಿದೆ. ಪೂರ್ತಿ ಹಾಡನ್ನು ಅವರ ಬಾಯಿಂದಲೇ ಹಿಡಿದು, ಹೆಸರು ಹಾಕಿ, ನನ್ನದೇ ಚಾನೆಲ್ ಮಾಡಿಯಾದರೂ ಬಿಡಬೇಕು ಎಂದು ನಿಶ್ಚಯಿಸಿದ್ದೆ. ಈಗ ನನ್ನನ್ನು ಏನೆನ್ನುವವರೂ ಇರಲಿಲ್ಲ. ಧೈರ್ಯ ಬಂದದ್ದು ಅದು ಬೇಕಿಲ್ಲದ ಹೊತ್ತಿನಲ್ಲಿ.

ಮಾಳಪ್ಪನವರು ಮನೆಯ ಮುಂದೆ ಕುರಿಮರಿಯ ಕಾಲಿಗೆ ಎಣ್ಣೆ ಹಚ್ಚುತ್ತ ಕೂತಿದ್ದರು. ಸೊಸೆ ಚಹಾ ತಂದುಕೊಟ್ಟಳು. ಕಾಗದ ಓದಿಸಿದಿರೇನು ಎಂದು ಕೇಳಿದೆ.

“ಓದಿಸಿದ್ನಿರಿ. ‘ಶಿಕ್ಕಾ ಎಲ್ಲೈತಿ?’ ಅಂದ್ರು. ‘ಇದು ನೀನ ಯಾರ ಕಡಿಂದರ ಬರಸ್ಕೊಂಡು ಬಂದಿ’ ಅಂದ್ರು.”

ನಾನು ತಲೆ ತಗ್ಗಿಸಿಕೊಂಡೇ ಬಂದ ಕೆಲಸ ಹೇಳಿದೆ. ಅವರು ಬೇಡವೆನ್ನಲಿಲ್ಲ. ಕೈ ಒರೆಸಿಕೊಂಡು, ಡೊಳ್ಳಿಲ್ಲದೆ, ತೊಡೆಯ ಮೇಲೆ ತಾಳ ಹಾಕುತ್ತ ಹಾಡಿದರು. ದನಿ ನಡುಗುತ್ತಿದ್ದರೂ ಹಾಡು ಎಲ್ಲೂ ತಪ್ಪಲಿಲ್ಲ. ನಾನು ಮೊಬೈಲು ಹಿಡಿದುಕೊಂಡಿದ್ದೆ. ನಾನು ಕತ್ತರಿಸಿದ ಜಾಗ ಬಂದ ಕೂಡಲೇ ಅವರು ಹಾಡು ನಿಲ್ಲಿಸಿದರು.

“ಮುಂದಿಂದು ಹಾಡ್ರಿ” ಎಂದೆ.

“ಬ್ಯಾಡ್ರಿ ಸಾಹೇಬ್ರ. ಇಷ್ಟು ದಿನಾ ಆ ನುಡಿ ಇತ್ತಂದ್ರ ಹಾಡು ನನ್ನದಂತ ಖರೆ ಅಂತಿದ್ರು. ಈಗ ಆ ನುಡಿ ಹಾಡಿದ್ರನ ಕಳ್ಳ ಅಂತಾರ. ನೀವು ಅದನ್ನ ಮೊಬೈಲ್‌ನ್ಯಾಗ ಬಿಟ್ರ, ಮುದಕ ಈಗ ಹೆಸರು ಜೋಡಿಸಿ ಬಿಟ್ಟಾನ ಅಂತಾರ. ಮೊಮ್ಮಕ್ಕಳು ಅದ ಮೇಳದಾಗ ಬಾರಿಸ್ತಾವ್ರಿ. ಅವ್ಕ ಕೆಟ್ಟ ಹೆಸರು ಬ್ಯಾಡ.”

ನಾನು ಬಹಳ ಬೇಡಿಕೊಂಡೆ. ಕಾನೂನು ಹೇಳಿದೆ, ವಕೀಲರನ್ನು ಹಿಡಿಯೋಣ ಎಂದೆ. ಅವರು ಕುರಿಮರಿಯ ಬೆನ್ನು ಸವರುತ್ತ ಕೇಳಿದರು. ಕೊನೆಗೆ ನನ್ನ ಮುಖ ನೋಡಿ ಕರುಣೆ ಬಂತೋ ಏನೋ, “ಮೊಬೈಲ್ ಬಂದ್ ಮಾಡಿ ದೂರ ಇಡ್ರಿ” ಎಂದರು. ಇಟ್ಟೆ. ಆಗ ಕೊನೆಯ ನುಡಿ ಹಾಡಿದರು. ಊರು, ಬೀರಪ್ಪ, ಗುರು, ತಮ್ಮ ಹೆಸರು. ಅಡುಗೆಮನೆಗೂ ಕೇಳಿಸದಷ್ಟು ಮೆಲ್ಲಗೆ ಹಾಡಿದರು. ನಾನು ಅಳುತ್ತಿದ್ದೆ.

“ಕೇಳಿದ್ರೆಲ್ಲ? ನಿಮಗ ಗೊತ್ತಾತು, ಸಾಕ್ರಿ. ನನ್ನ ಹೆಸರು ಎಲ್ಲೂ ಬರೀಬ್ಯಾಡ್ರಿ ಮತ್ತ. ಮಾತು ಕೊಡ್ರಿ” ಎಂದರು. ಕೈ ಮೇಲೆ ಕೈ ಇಟ್ಟು ಮಾತು ಕೊಟ್ಟೆ.

ಆ ಮಾತಿಗಾಗಿ ಈ ಬರಹದಲ್ಲಿ ಅವರನ್ನು ಮಾಳಪ್ಪ ಎಂದು ಕರೆದಿದ್ದೇನೆ. ಅದು ಅವರ ಹೆಸರಲ್ಲ. ಊರಿನ ಹೆಸರೂ ಹಾಕಿಲ್ಲ. ಇದನ್ನು ಬರೆದು ಮುಗಿಸಿ ಒಮ್ಮೆ ಓದಿ ನೋಡಿದೆ. ಆ ಹಾಡಿನಿಂದ ಅವರ ಹೆಸರನ್ನು ಎರಡನೆಯ ಸಲ ತೆಗೆದವನೂ ನಾನೇ.